ಬೇಸಿಗೆಯಲ್ಲಿ ಹೆಸರು, ಚಳಿಗಾಲದಲ್ಲಿ ಹಣ

ಮಹಿಳಾ ಬ್ಯಾಸ್ಕೆಟ್‌ಬಾಲ್ ವಿಷಯ ಬಂದಾಗಲೆಲ್ಲ ಓದುಗರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಅಮೆರಿಕದ ಬ್ರಿಟ್ನಿ ಗ್ರೈನರ್ ರಷ್ಯಾಕ್ಕೆ ಹೋದದ್ದಾದರೂ ಏಕೆ? ಉಕ್ರೇನಿನ ಮೇಲೆ ದಾಳಿ ಶುರುವಾಗಲು ಒಂದು ವಾರವಿರುವಾಗ, 2022ರ ಫೆಬ್ರುವರಿ 17ರಂದು, ಮಾಸ್ಕೋದ ಶೆರೆಮೆಟ್ಯೆವೊ ವಿಮಾನ ನಿಲ್ದಾಣದಲ್ಲಿ ಅವರನ್ನು ಹಿಡಿದರು. ಸಾಮಾನಿನಲ್ಲಿ ಗಾಂಜಾ ಎಣ್ಣೆಯಿದ್ದ ವೇಪ್ ಕಾರ್ಟ್ರಿಜ್‌ಗಳು ಸಿಕ್ಕವು ಎಂಬುದು ಆರೋಪ. ಆಗಸ್ಟಿನಲ್ಲಿ 9 ವರ್ಷದ ಜೈಲು ಶಿಕ್ಷೆಯಾಯಿತು. ಶಸ್ತ್ರಾಸ್ತ್ರ ವ್ಯಾಪಾರಿ ವಿಕ್ಟರ್ ಬೌಟ್‌ನನ್ನು ಅಮೆರಿಕ ಬಿಟ್ಟುಕೊಟ್ಟ ಮೇಲೆ, ಡಿಸೆಂಬರ್ 8ರಂದು ಬಿಡುಗಡೆ. ಇದೆಲ್ಲ ಪತ್ರಿಕೆಗಳ ವಿದೇಶ ಪುಟದಲ್ಲಿ ಬಂತು, ಕ್ರೀಡಾ ಪುಟ ಹೆಚ್ಚುಕಡಿಮೆ ಸುಮ್ಮನಿತ್ತು. ಹಾಗಾಗಿಯೇ ಪ್ರಶ್ನೆ ಉಳಿದುಕೊಂಡಿದೆ. ಅಷ್ಟರಲ್ಲೇ ಎರಡು ಒಲಿಂಪಿಕ್ ಚಿನ್ನ ಗೆದ್ದಿದ್ದ, ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ 2013ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಆಟಗಾರ್ತಿಗೆ ತನ್ನ ದೇಶದಲ್ಲಿ ಕೆಲಸವಿರಲಿಲ್ಲವೇ? ಇತ್ತು. ಆದರೆ ಅದು ವರ್ಷದ ಅರ್ಧದ ಕೆಲಸ, ಸಂಬಳವಂತೂ ಅರ್ಧಕ್ಕೂ ಎಷ್ಟೋ ಕಡಿಮೆ. ಅಮೆರಿಕದ ಮಹಿಳಾ ವೃತ್ತಿಪರ ಲೀಗ್, ಅಂದರೆ ಡಬ್ಲ್ಯುಎನ್‌ಬಿಎ, ಸುಮಾರು ಕಾಲು ಶತಮಾನ ನಡೆದದ್ದು ಪರದೇಶದ ಧನಿಕರ ದುಡ್ಡಿನ ಆಸರೆಯಲ್ಲಿ. ತನ್ನ ಆಟಗಾರ್ತಿಯರ ಬದುಕಿನ ಖರ್ಚನ್ನು ಅದು ರಷ್ಯಾ, ಟರ್ಕಿ, ಚೀನಾಗಳ ಕ್ಲಬ್ಬುಗಳ ಹೆಗಲಿಗೆ ಹಾಕಿತ್ತು. ಗ್ರೈನರ್ ಪ್ರಕರಣ ಆ ಏರ್ಪಾಟಿನ ಒಂದು ಬಿಲ್ಲು, ಅಷ್ಟೆ.

ಇಲ್ಲಿ ಗಂಡಸರ ಬ್ಯಾಸ್ಕೆಟ್‌ಬಾಲನ್ನು ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ಬೇಗ ಹೊಳೆಯುತ್ತದೆ. ಅಮೆರಿಕದ ಗಂಡಸರ ಲೀಗ್ ಎನ್‌ಬಿಎಯಲ್ಲಿ 30 ತಂಡ, ತಂಡಕ್ಕೆ 15 ಜನ. ಒಟ್ಟು 450 ಜಾಗ. ಅದರಲ್ಲಿ ಜಾಗ ಸಿಗದವನು, ಸಿಕ್ಕಿ ಕಳೆದುಕೊಂಡವನು ಯೂರೋಪಿಗೋ ಚೀನಾಕ್ಕೋ ಹೋಗುತ್ತಾನೆ. ಪಿ.ಜೆ. ಟಕರ್ 2006ರಲ್ಲಿ ಡ್ರಾಫ್ಟ್ ಆಗಿ, ಬೇಗನೆ ಕೈಬಿಡಲ್ಪಟ್ಟು, ಇಸ್ರೇಲ್, ಉಕ್ರೇನ್, ಗ್ರೀಸ್, ಇಟಲಿ, ಜರ್ಮನಿ ಸುತ್ತಿ 2012ರಲ್ಲಿ ಮರಳಿ ಬಂದು, 2021ರಲ್ಲಿ ಮಿಲ್ವಾಕಿ ತಂಡದೊಂದಿಗೆ ಪ್ರಶಸ್ತಿ ಗೆದ್ದರು. ಸ್ಟೀಫನ್ ಮಾರ್ಬರಿಯನ್ನು ಅಮೆರಿಕ ಮುಗಿದ ಅಧ್ಯಾಯವೆಂದು ಬಗೆದಿದ್ದಾಗ ಅವರು ಬೀಜಿಂಗ್ ತಂಡಕ್ಕೆ 2012, 2014, 2015ರಲ್ಲಿ ಮೂರು ಲೀಗ್ ಪ್ರಶಸ್ತಿ ತಂದುಕೊಟ್ಟರು. ಆ ನಗರ ಅವರ ಪ್ರತಿಮೆಯನ್ನೇ ನಿಲ್ಲಿಸಿತು. ಇವು ಚೆಂದದ ಕಥೆಗಳೇ. ಆದರೆ ಎರಡರಲ್ಲೂ ಪರದೇಶ ಎನ್ನುವುದು ಎರಡನೇ ಆಯ್ಕೆ. ಹೆಂಗಸರಲ್ಲಿ ಇದು ತಲೆಕೆಳಗು. ಅಲ್ಲಿ ಪರದೇಶದ ಕರೆ ಮೊದಲು ಬರುವುದು ಅತ್ಯುತ್ತಮರಿಗೆ. ಲೀಗಿನ ಅತಿ ಶ್ರೇಷ್ಠ ಆಟಗಾರ್ತಿ ಯಾರೋ ಅವರೇ ಚಳಿಗಾಲದಲ್ಲಿ ಅತಿ ದೂರ ಹೋಗುತ್ತಿದ್ದರು. 1997ರಲ್ಲಿ ಡಬ್ಲ್ಯುಎನ್‌ಬಿಎ ಆಟ ಶುರುವಾಗುವ ಮೊದಲು ಈ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಕಾಲೇಜು ಮುಗಿದ ಮೇಲೆ ಊರಿನಲ್ಲಿ ಆಡಲು ಉಳಿಯುವಂಥ ಲೀಗೇ ಇರಲಿಲ್ಲ. ಸಿಂಥಿಯಾ ಕೂಪರ್ ತಮ್ಮ ಇಪ್ಪತ್ತರ ಹರೆಯದ ಬಹುಪಾಲನ್ನು ಸ್ಪೇನ್, ಇಟಲಿಗಳಲ್ಲಿ ಕಳೆದರು. ಲೀಗ್ ಶುರುವಾದಾಗ ವಯಸ್ಸು 34. ಬಂದ ಮೊದಲೆರಡು ವರ್ಷವೂ ಅವರೇ ಅತ್ಯಮೂಲ್ಯ ಆಟಗಾರ್ತಿ. ಅವರ ತಂಡ ಹ್ಯೂಸ್ಟನ್ ಕಾಮೆಟ್ಸ್ ಲೀಗಿನ ಮೊದಲ ನಾಲ್ಕೂ ಪ್ರಶಸ್ತಿ ಗೆದ್ದಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಈ ಏರ್ಪಾಟು ಹೇಗೆ ನಡೆಯಿತೆಂದು ಅರಿಯಲು ಡಯಾನಾ ಟೌರಾಸಿಯ ವೃತ್ತಿಜೀವನಕ್ಕಿಂತ ಒಳ್ಳೆಯ ಪಠ್ಯವಿಲ್ಲ. ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ 2002, 2003, 2004ರಲ್ಲಿ ಸತತ ಮೂರು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟು, ಡ್ರಾಫ್ಟಿನ ಮೊದಲ ಆಯ್ಕೆಯಾಗಿ ಫೀನಿಕ್ಸ್ ಮರ್ಕ್ಯುರಿ ಸೇರಿದವರು. ಮೊದಲ ವರ್ಷದ ಸಂಬಳ ಸುಮಾರು 40 ಸಾವಿರ ಡಾಲರ್. ಲೀಗ್ ಬೇಸಿಗೆಯಲ್ಲಿ ನಡೆಯುತ್ತದೆ, ಏಕೆಂದರೆ ಚಳಿಗಾಲದಲ್ಲಿ ಎನ್‌ಬಿಎ ಅಂಗಳಗಳನ್ನೂ ಟಿವಿಯನ್ನೂ ಆವರಿಸಿಕೊಂಡಿರುತ್ತದೆ. ಯೂರೋಪಿನ ಲೀಗುಗಳು ನಡೆಯುವುದು ಅಕ್ಟೋಬರಿನಿಂದ ಏಪ್ರಿಲ್‌ವರೆಗೆ. ಎರಡೂ ಒಂದಕ್ಕೊಂದು ಅಡ್ಡಬರದೆ ಹೊಂದಿಕೊಂಡುಬಿಟ್ಟವು. ಹಾಗೆ ಹೊಂದಿದ್ದೇ ತೊಂದರೆಯಾಯಿತೆಂದು ನನಗನ್ನಿಸುತ್ತದೆ: ಊರಿನ ಲೀಗಿಗೆ ಸಂಬಳ ಏರಿಸುವ ಜರೂರು ಬೀಳಲೇ ಇಲ್ಲ. ಟೌರಾಸಿ 2005ರಲ್ಲಿ ಡೈನಮೊ ಮಾಸ್ಕೋ ಸೇರಿದರು, ಮರುವರ್ಷ ಮಾಸ್ಕೋ ಪ್ರಾಂತ್ಯದ ಸ್ಪಾರ್ಟಕ್‌ಗೆ ಬಂದರು. 2007ರಿಂದ 2010ರವರೆಗೆ ಆ ಕ್ಲಬ್ಬು ನಾಲ್ಕು ಸಲ ಸತತವಾಗಿ ಯೂರೋಪಿನ ಕ್ಲಬ್ಬುಗಳ ಅತಿ ದೊಡ್ಡ ಸ್ಪರ್ಧೆಯಾದ ಯೂರೋಲೀಗ್ ಗೆದ್ದಿತು. ಸ್ಪಾರ್ಟಕ್‌ನ ಹಿಂದಿದ್ದವರು ಶಬ್ತಾಯ್ ಕಲ್ಮನೋವಿಚ್ ಎಂಬ ಉದ್ಯಮಿ. ಸೋವಿಯತ್ ಒಕ್ಕೂಟದ ಪರ ಗೂಢಚರ್ಯೆಗಾಗಿ ಇಸ್ರೇಲಿನಲ್ಲಿ ಸೆರೆಯಲ್ಲಿದ್ದು ಬಂದ ಮನುಷ್ಯ. ಮಹಿಳಾ ಬ್ಯಾಸ್ಕೆಟ್‌ಬಾಲ್ ಲಾಭ ತರುವ ವ್ಯವಹಾರವಲ್ಲ ಎಂಬುದು ಅವರಿಗೂ ಗೊತ್ತಿತ್ತು. ಆದರೂ ಟೌರಾಸಿ, ಸ್ಯೂ ಬರ್ಡ್ ಅಂಥ ಅಮೆರಿಕದ ತಾರೆಯರನ್ನು ಕರೆಸಿ, ಒಳ್ಳೆಯ ಮನೆ, ಕಾರು, ಚಾಲಕ, ದುಬಾರಿ ಉಡುಗೊರೆ ಎಲ್ಲ ಕೊಟ್ಟು ರಾಣಿಯರ ಹಾಗೆ ನೋಡಿಕೊಂಡರು. 2009ರ ನವೆಂಬರಿನಲ್ಲಿ ಮಾಸ್ಕೋದ ರಸ್ತೆಯಲ್ಲಿ, ಕಾರಿನಲ್ಲಿದ್ದಾಗಲೇ, ಅವರನ್ನು ಗುಂಡಿಟ್ಟು ಕೊಂದರು. ಜಗತ್ತಿನ ಅತಿ ದೊಡ್ಡ ಮಹಿಳಾ ತಂಡ ನಿಂತಿದ್ದದ್ದು ಒಬ್ಬ ಮನುಷ್ಯನ ಜೇಬಿನ ಮೇಲೆ. ಆ ಜೇಬು ಬರಿದಾದ ಮೇಲೆ ಕ್ಲಬ್ಬು ಹಿಂದಿನ ಹಾಗೆ ಉಳಿಯಲಿಲ್ಲ.

ಆಗ ಜಾಗ ತುಂಬಿದ್ದು ಉರಾಲ್ ಪರ್ವತಗಳ ಮಗ್ಗುಲಿನ ಯೆಕಟೆರಿನ್‌ಬರ್ಗ್. ಅಲ್ಲಿನ ಯುಎಂಎಂಸಿ ತಂಡ ತಾಮ್ರದ ಗಣಿ ಕಂಪನಿಯೊಂದರ ಆಸ್ತಿ, ಕಂಪನಿಯ ಹೆಸರೇ ತಂಡದ ಹೆಸರು. ಟೌರಾಸಿ 2012ರಲ್ಲಿ ಅಲ್ಲಿಗೆ ಸೇರಿದರು. ಇಲ್ಲಿ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2014ರಲ್ಲಿ ಟೌರಾಸಿ ಫೀನಿಕ್ಸ್‌ಗೆ ಮೂರನೇ ಪ್ರಶಸ್ತಿ ಗೆದ್ದುಕೊಟ್ಟಾಗ ಅವರಿಗೆ ಸಿಗುತ್ತಿದ್ದದ್ದು ಲೀಗಿನ ನಿಯಮದ ಪ್ರಕಾರ ಗರಿಷ್ಠ ಸಂಬಳ, ಸುಮಾರು 1 ಲಕ್ಷ 7 ಸಾವಿರ ಡಾಲರ್. ಯೆಕಟೆರಿನ್‌ಬರ್ಗಿನ ಸಂಬಳ 15 ಲಕ್ಷ ಡಾಲರಿನ ಆಸುಪಾಸು ಎಂದು ಆಗ ವರದಿಯಾಯಿತು. ಒಂದೇ ಆಟ, ಅದೇ ಆಟಗಾರ್ತಿ, ಹದಿನಾಲ್ಕು ಪಟ್ಟು ಅಂತರ. 2015ರ ಆರಂಭದಲ್ಲಿ ರಷ್ಯಾದ ಕ್ಲಬ್ಬು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಬರುವ ಬೇಸಿಗೆಯಲ್ಲಿ ಅಮೆರಿಕದಲ್ಲಿ ಆಡಬೇಡಿ, ಮೈಗೆ ವಿಶ್ರಾಂತಿ ಕೊಡಿ, ಅಲ್ಲಿ ಸಿಗುವ ಸಂಬಳಕ್ಕಿಂತ ಹೆಚ್ಚು ನಾವೇ ಕೊಡುತ್ತೇವೆ ಎಂದಿತು. ಟೌರಾಸಿ ಒಪ್ಪಿ, ಆ ನಿರ್ಧಾರವನ್ನು ಅಭಿಮಾನಿಗಳಿಗೆ ಪತ್ರ ಬರೆದು ತಿಳಿಸಿದರು. ಹಾಲಿ ಚಾಂಪಿಯನ್ ತಂಡದ ನಾಯಕಮಣಿ, ಆಡದೇ ಇರಲು ದುಡ್ಡು ಪಡೆದು, ಇಡೀ ಸೀಸನ್ ಮನೆಯಲ್ಲಿ ಕೂತರು. ಅಮೆರಿಕದ ಪತ್ರಿಕೆಗಳು ಇದನ್ನು ನಿಷ್ಠೆಯ ಪ್ರಶ್ನೆಯೆಂಬಂತೆ ಚರ್ಚಿಸಿದವು. ನನ್ನ ಪ್ರಕಾರ ಅದು ಯಾರು ನಿಜವಾದ ಉದ್ಯೋಗದಾತ ಎಂಬ ಪ್ರಶ್ನೆ. ಸಂಬಳದ ಹದಿನೈದು ಪಾಲಿನಲ್ಲಿ ಹದಿನಾಲ್ಕನ್ನು ಕೊಡುವವರು ಆ ದೇಹದ ವಿಶ್ರಾಂತಿಯ ಬಗ್ಗೆ ಯೋಚಿಸಿದ್ದರಲ್ಲಿ ಆಶ್ಚರ್ಯವೇನಿದೆ? ಒಂದು ಪಾಲು ಕೊಡುವವರು ಯೋಚಿಸಲಿಲ್ಲ ಎಂಬುದೂ ಆಶ್ಚರ್ಯವಲ್ಲ.

ಪರದೇಶದ ಕ್ಲಬ್ಬುಗಳಲ್ಲಿ ಕೂತಲ್ಲೇ ಕೋಟಿ ಸಿಗುತ್ತದೆ ಎಂದು ಮಾತ್ರ ಭಾವಿಸಬಾರದು. ಬಹುತೇಕ ಲೀಗುಗಳಲ್ಲಿ ವಿದೇಶಿಯರಿಗೆ ಮಿತಿಯಿದೆ. ಐಪಿಎಲ್‌ನಲ್ಲಿ ಹನ್ನೊಂದು ಜನರಲ್ಲಿ ನಾಲ್ವರೇ ಹೊರಗಿನವರು ಎಂಬ ನಿಯಮವನ್ನು ನೋಡಿ ನೋಡಿ ನಮಗೆ ಇದರ ತರ್ಕ ಗೊತ್ತು: ಹೊರಗಿನವರ ಜಾಗ ಕಡಿಮೆಯಾದಷ್ಟೂ ಅಲ್ಲಿಗೆ ಎಬಿ ಡಿವಿಲಿಯರ್ಸ್ ಅಂಥವರೇ ಬೇಕು, ಸಾಧಾರಣ ಆಟಗಾರ ಬೇಡ. ಯೂರೋಪಿನ ಕ್ಲಬ್ಬುಗಳೂ ಹಾಗೆಯೇ. ಅಮೆರಿಕದಿಂದ ಬಂದವರು ಅಂಕ ಗಳಿಸಲೇಬೇಕು. ನಾಲ್ಕು ಪಂದ್ಯ ಕೈಕೊಟ್ಟರೆ ಮುಂದಿನ ವಿಮಾನಕ್ಕೆ ಟಿಕೆಟ್ ತಯಾರು. ಈ ಮಿತಿಯನ್ನು ದಾಟಲು ಇರುವ ದಾರಿ ಪಾಸ್‌ಪೋರ್ಟ್. ಬಹಾಮಾಸ್‌ನಲ್ಲಿ ಹುಟ್ಟಿದ ಜೋನ್ಕೆಲ್ ಜೋನ್ಸ್ ಬೋಸ್ನಿಯಾದ ಪೌರತ್ವ ಪಡೆದರು, ಕೋರ್ಟ್ನಿ ವ್ಯಾಂಡರ್‌ಸ್ಲೂಟ್ ಹಂಗೇರಿಯದ್ದು. ಹೆಚ್ಚು ಸದ್ದು ಮಾಡಿದ್ದು ಬೆಕಿ ಹ್ಯಾಮನ್ ಕಥೆ. ಸೌತ್ ಡಕೋಟಾದ ರ್‍ಯಾಪಿಡ್ ಸಿಟಿಯ ಈ ಆಟಗಾರ್ತಿಯನ್ನು 1999ರ ಡ್ರಾಫ್ಟಿನಲ್ಲಿ ಯಾರೂ ಆರಿಸಲಿಲ್ಲ. ಹಾಗೂ ಹೀಗೂ ಒಳಬಂದು, 2007ರಲ್ಲಿ ಅತ್ಯಮೂಲ್ಯ ಆಟಗಾರ್ತಿಯ ಮತದಾನದಲ್ಲಿ ಎರಡನೇ ಸ್ಥಾನಕ್ಕೇರಿದರು. ಆದರೂ ಅಮೆರಿಕದ ಒಲಿಂಪಿಕ್ ತಂಡ ಅವರತ್ತ ತಿರುಗಿ ನೋಡಲಿಲ್ಲ. ಸಿಎಸ್‌ಕೆಎ ಮಾಸ್ಕೋ ಜೊತೆ ಒಪ್ಪಂದ ಮಾಡಿಕೊಂಡು, ರಷ್ಯಾದ ಪೌರತ್ವ ಪಡೆದು, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಜೆರ್ಸಿ ತೊಟ್ಟು ಕಂಚು ಗೆದ್ದರು. ಅಮೆರಿಕದ ಕೋಚ್ ಆನ್ ಡೊನೊವನ್ ಇದು ದೇಶಭಕ್ತಿಯಲ್ಲ ಎಂದರು. ದೇಶಭಕ್ತಿಯ ಲೆಕ್ಕ ಹಾಕುವವರು ಯಾವಾಗಲೂ ಆಟಗಾರ್ತಿಯ ಕಡೆಯ ಸಾಲವನ್ನಷ್ಟೇ ಬರೆದಿಡುತ್ತಾರೆ. ಡ್ರಾಫ್ಟಿನಲ್ಲೂ ಇಲ್ಲ, ರಾಷ್ಟ್ರೀಯ ಬಳಗದಲ್ಲೂ ಇಲ್ಲ ಎಂದು ಬಿಟ್ಟವರ ಕಡೆಯ ಬಾಕಿಯನ್ನು ಬರೆಯುವುದಿಲ್ಲ. ಅಂದಹಾಗೆ, ಇದೇ ಹ್ಯಾಮನ್ 2014ರಲ್ಲಿ ಎನ್‌ಬಿಎ ತಂಡವೊಂದರ ಮೊದಲ ಪೂರ್ಣಾವಧಿ ಮಹಿಳಾ ಸಹಾಯಕ ಕೋಚ್ ಆದರು. ಮುಂದೆ ಲಾಸ್ ವೇಗಸ್ ತಂಡಕ್ಕೆ 2022, 2023ರಲ್ಲಿ ಸತತ ಪ್ರಶಸ್ತಿ ಗೆಲ್ಲಿಸಿದರು.

ಇನ್ನು ದೇಹದ ಮಾತು. ಬೇಸಿಗೆಯಲ್ಲಿ ಒಂದು ಸೀಸನ್, ಚಳಿಗಾಲದಲ್ಲಿ ಇನ್ನೊಂದು, ನಡುನಡುವೆ ರಾಷ್ಟ್ರೀಯ ತಂಡ. ಹೀಗೆ ವರ್ಷಗಟ್ಟಲೆ ಬಿಡುವಿಲ್ಲದೆ ಓಡುವ ಮೊಣಕಾಲು, ಹಿಮ್ಮಡಿಗಳು ಎಂದೋ ಒಂದು ದಿನ ಹಟ ಹಿಡಿಯುತ್ತವೆ. 2018ರಲ್ಲಿ ಡಬ್ಲ್ಯುಎನ್‌ಬಿಎಯ ಅತ್ಯಮೂಲ್ಯ ಆಟಗಾರ್ತಿಯಾಗಿದ್ದ ಬ್ರಿಯಾನಾ ಸ್ಟೂವರ್ಟ್ 2019ರ ಏಪ್ರಿಲಿನಲ್ಲಿ ಹಂಗೇರಿಯ ಶೋಪ್ರೊನ್ ಊರಿನಲ್ಲಿ ಯೂರೋಲೀಗ್ ಫೈನಲ್ ಆಡುತ್ತಿದ್ದರು, ರಷ್ಯಾದ ಡೈನಮೊ ಕುರ್ಸ್ಕ್ ಪರವಾಗಿ, ಯೆಕಟೆರಿನ್‌ಬರ್ಗಿನ ವಿರುದ್ಧ. ಅಲ್ಲಿ ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಗಾಯ ಆದದ್ದು ಯೂರೋಪಿನಲ್ಲಿ. ಇಡೀ ಸೀಸನ್ ಅವರನ್ನು ಕಳೆದುಕೊಂಡದ್ದು ಅಮೆರಿಕದಲ್ಲಿನ ಅವರ ತಂಡ ಸಿಯಾಟಲ್. ಕಾನೂನಿನ ಮಾತೂ ಅಷ್ಟೇ. 2010ರ ಕೊನೆಗೆ ಟೌರಾಸಿ ಇಸ್ತಾಂಬುಲ್‌ನ ಫೆನೆರ್ಬಾಚೆ ಪರ ಆಡುತ್ತಿದ್ದಾಗ ನಿಷೇಧಿತ ಮದ್ದು ಸೇವಿಸಿದ್ದಾರೆಂದು ಪರೀಕ್ಷೆಯಲ್ಲಿ ಬಂತು. ಅಮಾನತಾಯಿತು, ಕ್ಲಬ್ಬು ಒಪ್ಪಂದ ಮುರಿದುಕೊಂಡಿತು. ಕೆಲವೇ ವಾರಗಳಲ್ಲಿ ಪ್ರಯೋಗಾಲಯವೇ ತನ್ನ ವರದಿಯನ್ನು ಹಿಂತೆಗೆದುಕೊಂಡಿತು. ಹೆಸರು ಕೆಟ್ಟದ್ದೂ ಸರಿಹೋದದ್ದೂ ಒಂದೇ ಚಳಿಗಾಲದಲ್ಲಿ. ಭಾಷೆ ಬಾರದ ನಾಡಿನಲ್ಲಿ, ಜೊತೆಗೆ ನಿಲ್ಲಲು ಆಟಗಾರರ ಸಂಘವೂ ಇಲ್ಲದಲ್ಲಿ, ಒಂದು ತಪ್ಪು ಕಾಗದ ಎಷ್ಟು ಮಾಡಬಲ್ಲದು ಎಂಬುದಕ್ಕೆ ಗ್ರೈನರ್ ಪ್ರಕರಣಕ್ಕೆ ಹನ್ನೊಂದು ವರ್ಷ ಮೊದಲೇ ಸಾಕ್ಷಿಯಿತ್ತು. ಟೌರಾಸಿ ಮರುವರ್ಷ ಮತ್ತೆ ಟರ್ಕಿಗೇ ಹೋದರು, ಫೆನೆರ್ಬಾಚೆಯ ಹಳೇ ಎದುರಾಳಿ ಗಲತಸರಾಯ್‌ಗೆ. ಊರಿನ ಸಂಬಳ ಬದಲಾಗಿರಲಿಲ್ಲವಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಮಾರುಕಟ್ಟೆಯದು. ನೋಡುವವರಿಲ್ಲ, ಟಿವಿ ದುಡ್ಡಿಲ್ಲ, ಲೀಗ್ ಎಲ್ಲಿಂದ ಕೊಡಬೇಕು ಎಂಬ ಮಾತು. ಆರಂಭದ ವರ್ಷಗಳ ಮಟ್ಟಿಗೆ ಇದರಲ್ಲಿ ಸತ್ಯವಿದೆ. ಲೀಗ್ ಬಹಳ ಕಾಲ ಎನ್‌ಬಿಎಯ ನೆರಳಿನಲ್ಲಿ ನಷ್ಟದಲ್ಲೇ ನಡೆಯಿತು. ಆದರೆ ಈ ವಾದ ಪೂರ್ತಿ ನಿಲ್ಲುವುದಿಲ್ಲ, ಏಕೆಂದರೆ ಖರ್ಚು ಮಾಡಲು ಸಿದ್ಧರಿದ್ದವರನ್ನೂ ಲೀಗ್ ತಡೆದಿದೆ. 2021ರಲ್ಲಿ ನ್ಯೂಯಾರ್ಕ್ ಲಿಬರ್ಟಿ ತಂಡದ ಮಾಲೀಕರು ತಮ್ಮ ಆಟಗಾರ್ತಿಯರನ್ನು ಚಾರ್ಟರ್ ವಿಮಾನದಲ್ಲಿ ಕರೆದೊಯ್ದರು. ಎಲ್ಲ ತಂಡಗಳಿಗೂ ಸಮಾನ ಸೌಲಭ್ಯವಿರಬೇಕು ಎಂಬ ನಿಯಮ ಮುರಿದರೆಂದು ಅವರಿಗೆ 5 ಲಕ್ಷ ಡಾಲರ್ ದಂಡ ಬಿತ್ತು. ಯೆಕಟೆರಿನ್‌ಬರ್ಗ್ ತಂಡ ಆಗಲೇ ಚಾರ್ಟರ್ ವಿಮಾನದಲ್ಲಿ ಓಡಾಡುತ್ತಿತ್ತು. ಜಗತ್ತಿನ ಅತ್ಯುತ್ತಮ ಲೀಗ್ ಎನಿಸಿಕೊಂಡದ್ದು ಎಲ್ಲ ಪಂದ್ಯಗಳಿಗೂ ಚಾರ್ಟರ್ ವ್ಯವಸ್ಥೆ ಮಾಡಿದ್ದು 2024ರಲ್ಲಿ. ಅದೇ ವರ್ಷ ಕೇಟ್ಲಿನ್ ಕ್ಲಾರ್ಕ್ ಕಾಲೇಜಿನಿಂದ ಬಂದರು. ಅವರ ಹೆಸರಿಗೇ ಅಂಗಳಗಳು ತುಂಬಿದವು, ಟಿವಿ ನೋಡುಗರ ದಾಖಲೆಗಳು ಮುರಿದವು, ಮೊದಲ ವರ್ಷದ ಸಂಬಳ 76,535 ಡಾಲರ್. ಆ ಜುಲೈನಲ್ಲೇ ಲೀಗ್ 11 ವರ್ಷಗಳ ಪ್ರಸಾರ ಒಪ್ಪಂದ ಮಾಡಿಕೊಂಡಿತು, ವರ್ಷಕ್ಕೆ ಸುಮಾರು 20 ಕೋಟಿ ಡಾಲರ್. 2025ರ ಜೂನಿನಲ್ಲಿ ಕ್ಲೀವ್‌ಲ್ಯಾಂಡ್, ಡೆಟ್ರಾಯ್ಟ್, ಫಿಲಡೆಲ್ಫಿಯಾಗಳಿಗೆ ಹೊಸ ತಂಡಗಳು ಪ್ರಕಟವಾದವು. ಲೀಗ್ ಪ್ರವೇಶಕ್ಕೆ ತಲಾ 25 ಕೋಟಿ ಡಾಲರ್ ಶುಲ್ಕ ಎಂದು ವರದಿಯಾಯಿತು. ಹತ್ತಿಪ್ಪತ್ತು ದಿನದಲ್ಲಿ ಇಂಡಿಯಾನಾಪೊಲಿಸ್‌ನ ಆಲ್‌ಸ್ಟಾರ್ ಪಂದ್ಯಕ್ಕೆ ಮುನ್ನ ಆಟಗಾರ್ತಿಯರು ‘ನಮಗೆ ಸಲ್ಲಬೇಕಾದ್ದನ್ನು ಸಲ್ಲಿಸಿ’ ಎಂಬ ಅರ್ಥದ ಸಾಲಿದ್ದ ಟೀಶರ್ಟ್ ತೊಟ್ಟು ಅಂಗಳಕ್ಕಿಳಿದರು. ದುಡ್ಡಿಲ್ಲ ಎಂಬ ಮಾತಿಗೆ ಇಷ್ಟಾದ ಮೇಲೆ ತೂಕವಿಲ್ಲ.

ಎರಡನೇ ಆಕ್ಷೇಪ ಇನ್ನೂ ಸರಳ: ಯಾರೂ ಅವರನ್ನು ಬಲವಂತ ಮಾಡಲಿಲ್ಲ, ಲಕ್ಷಗಟ್ಟಲೆ ಡಾಲರ್ ಗಳಿಸಿದರು, ಇದರಲ್ಲಿ ಮರುಗಲು ಏನಿದೆ? ಮರುಗಬೇಕೆಂದು ನಾನೂ ಹೇಳುತ್ತಿಲ್ಲ. ಟೌರಾಸಿ ಯೂರೋಪಿನಲ್ಲಿ ಆರು ಯೂರೋಲೀಗ್ ಗೆದ್ದರು, ಊರಿನಲ್ಲಿ ಮೂರು ಪ್ರಶಸ್ತಿ ಗೆದ್ದರು, ಹತ್ತು ಸಾವಿರ ಅಂಕ ದಾಟಿದ ಮೊದಲ ಡಬ್ಲ್ಯುಎನ್‌ಬಿಎ ಆಟಗಾರ್ತಿಯಾದರು, ಆರು ಒಲಿಂಪಿಕ್ ಚಿನ್ನ ಕೊರಳಿಗೆ ಹಾಕಿಕೊಂಡರು. ಮರುಕಕ್ಕೆ ಅಲ್ಲಿ ಜಾಗವೇ ಇಲ್ಲ. ಆದರೆ 15 ಲಕ್ಷ ಡಾಲರ್ ಸಿಕ್ಕಿದ್ದು ಒಬ್ಬಿಬ್ಬರಿಗೆ. ಮಿಕ್ಕವರು ಪೋಲೆಂಡ್, ಹಂಗೇರಿ, ಇಸ್ರೇಲ್ ಎಂದು ಸುತ್ತಿದ್ದು ಅದರ ಒಂದು ಸಣ್ಣ ಚೂರಿಗಾಗಿ. ಊರಿನ ಸಂಬಳದಲ್ಲಿ ಚಳಿಗಾಲ ಕಳೆಯುವುದು ಕಷ್ಟವೆಂಬ ಕಾರಣಕ್ಕಾಗಿ. ನಮ್ಮಲ್ಲಿ ರಾಷ್ಟ್ರೀಯ ಮಟ್ಟಕ್ಕೆ ಬಂದ ಬ್ಯಾಸ್ಕೆಟ್‌ಬಾಲ್ ಹುಡುಗಿಗೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಕ್ರೀಡಾ ಕೋಟಾದ ಕೆಲಸ ಸಿಕ್ಕರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆ ಕೆಲಸದಲ್ಲಿ ಖ್ಯಾತಿಯಿಲ್ಲ, ಕೋಟಿಯೂ ಇಲ್ಲ, ಆದರೆ ಮೊಣಕಾಲು ಹೋದರೂ ತಿಂಗಳ ಸಂಬಳ ನಿಲ್ಲುವುದಿಲ್ಲ. ಅಮೆರಿಕದ ಆಟಗಾರ್ತಿಗೆ ಸಿಕ್ಕದ್ದು ಇದರ ತದ್ವಿರುದ್ಧ: ಖ್ಯಾತಿಯುಂಟು, ಕೆಲವರಿಗೆ ಕೋಟಿಯೂ ಉಂಟು, ಭದ್ರತೆ ಮಾತ್ರ ಯಾವುದೋ ತಾಮ್ರದ ಕಂಪನಿಯ ಮರ್ಜಿ. ಯುದ್ಧ ಶುರುವಾಗಿ ರಷ್ಯಾದ ಕ್ಲಬ್ಬುಗಳನ್ನು ಯೂರೋಪಿನ ಸ್ಪರ್ಧೆಗಳಿಂದ ಹೊರಹಾಕಿದಾಗ ಇಡೀ ಆಟದ ಅತಿ ದೊಡ್ಡ ಸಂಬಳಗಳು ಒಂದೇ ವಸಂತದಲ್ಲಿ ಮಾಯವಾದವು. ಆಯ್ಕೆ ಅವರದ್ದೇ, ನಿಜ. ಆಯ್ಕೆಗೆ ಇಟ್ಟ ಎರಡು ತಟ್ಟೆಗಳಲ್ಲಿ ಒಂದನ್ನು ಖಾಲಿ ಬಿಟ್ಟವರು ಯಾರೆಂದು ಕೇಳುವುದು ತಪ್ಪಲ್ಲ.

ಲೀಗಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆಟಗಾರ್ತಿಯರ ಜೊತೆಗಿನ 2020ರ ಒಪ್ಪಂದದಲ್ಲಿ ಗರಿಷ್ಠ ಸಂಬಳವನ್ನು 2 ಲಕ್ಷ ಡಾಲರ್ ದಾಟಿಸಿದರು. ಜೊತೆಗೆ ಇನ್ನೊಂದು ಷರತ್ತನ್ನೂ ಸೇರಿಸಿದರು. ಎರಡು ವರ್ಷಕ್ಕಿಂತ ಹೆಚ್ಚು ಆಡಿದವರು ಪರದೇಶದ ಸೀಸನ್ ಮುಗಿಯಲಿಲ್ಲವೆಂದು ತಡವಾಗಿ ಬಂದರೆ 2023ರಿಂದ ದಂಡ. 2024ರಿಂದ ತರಬೇತಿ ಶಿಬಿರದ ಹೊತ್ತಿಗೆ ಬರದಿದ್ದರೆ ಇಡೀ ಸೀಸನ್ ಅಮಾನತು. ಇದರ ಸಮರ್ಥಕರು ಹೇಳುವುದರಲ್ಲೂ ನ್ಯಾಯವಿದೆ: ಟಿಕೆಟ್ ಕೊಂಡ ಪ್ರೇಕ್ಷಕ ಮೊದಲ ದಿನವೇ ಪೂರ್ತಿ ತಂಡವನ್ನು ನೋಡಬೇಕಲ್ಲವೇ? ನೋಡಬೇಕು. ಆದರೆ ಎರಡು ಲಕ್ಷ ಕೊಟ್ಟು, ಹತ್ತು ಲಕ್ಷ ಕೊಡುವವರ ಬಾಗಿಲನ್ನು ಮುಚ್ಚುವುದು ಆದ್ಯತೆಯನ್ನು ಗಳಿಸಿಕೊಳ್ಳುವ ದಾರಿಯಲ್ಲ, ಕಸಿದುಕೊಳ್ಳುವ ದಾರಿ. ಯೂರೋಪಿನಿಂದಲೇ ಬರುವ ಆಟಗಾರ್ತಿಯರಿಗಂತೂ ಇದು ತಮ್ಮ ಊರನ್ನೇ ಬಿಟ್ಟು ಬಾ ಎಂದ ಹಾಗೆ. ನಿಯಮದ ಗುರಿ ಸರಿ, ಕ್ರಮ ತಪ್ಪು ಎಂಬುದು ನನ್ನ ತೀರ್ಪು. ಸಂಬಳವನ್ನು ಮೊದಲು ಆ ಎತ್ತರಕ್ಕೆ ತಂದಿದ್ದರೆ ಇಂಥ ನಿಯಮ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಅದನ್ನು ಆಟಗಾರ್ತಿಯರೇ ತೋರಿಸಿಕೊಟ್ಟಿದ್ದಾರೆ. ಬ್ರಿಯಾನಾ ಸ್ಟೂವರ್ಟ್ ಮತ್ತು ನಫೀಸಾ ಕಾಲಿಯರ್ ಸೇರಿ ಕಟ್ಟಿದ ಅನ್‌ರೈವಲ್ಡ್ ಎಂಬ ಮೂವರ ತಂಡಗಳ ಲೀಗ್ 2025ರ ಜನವರಿಯಲ್ಲಿ ಮಯಾಮಿಯಲ್ಲಿ, ಸರಿಯಾಗಿ ಯೂರೋಪಿನ ಸೀಸನ್ ನಡೆಯುವ ತಿಂಗಳುಗಳಲ್ಲೇ ಶುರುವಾಯಿತು. ಸರಾಸರಿ ಸಂಬಳ 2 ಲಕ್ಷ 20 ಸಾವಿರ ಡಾಲರಿಗೂ ಹೆಚ್ಚು, ಜೊತೆಗೆ ಆಟಗಾರ್ತಿಯರಿಗೆ ಮಾಲೀಕತ್ವದಲ್ಲಿ ಪಾಲು. ಯಾರಿಗೂ ಯಾವ ದಂಡದ ಬೆದರಿಕೆಯನ್ನೂ ಹಾಕದೆ ಮೊದಲ ವರ್ಷವೇ ಅದರ ಆರೂ ತಂಡಗಳು ತುಂಬಿದವು, ಮತ್ತು ಅಲ್ಲಿಗೆ ಬಂದವರಲ್ಲಿ ಬ್ರಿಟ್ನಿ ಗ್ರೈನರ್ ಕೂಡ ಒಬ್ಬರು.